ಒಂದಕ್ಷರವನ್ನೂ ಮುಟ್ಟಬಾರದು

ಜೊಂಬಾ ಊರಿನ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವ ತಮಂದಾನಿ, ತನ್ನ ನಾಡಿನ ಚಿಚೆವಾ ಭಾಷೆಯಲ್ಲಿ ಅದರ ಕೈಪಿಡಿ ಬರೆದು ಎಲ್ಲರಿಗೂ ಪುಕ್ಕಟೆ ಹಂಚಲು ಹೊರಟಿದ್ದಳು. ಹಂಚುವ, ತಿದ್ದುವ ಹಕ್ಕಿಗೆ ಯಾವ ಲೈಸೆನ್ಸ್ ಹಾಕುವುದೆಂಬುದೇ ತಕರಾರು.

"ಬೇಕಾದೋರು ತಿದ್ಕೊಳ್ಲಿ ಅಂತ ಬಿಟ್ಬಿಡಕ್ಕಾ," ಎಂದ ಜೊತೆಯ ಮೇಷ್ಟ್ರು ಚಿಫುಂಡೊ, ನ್ಸಿಮಾ ಮುದ್ದೆ ಮುರಿಯುತ್ತಾ.

"ಮೂರು ವರ್ಷ ಒದ್ದಾಡಿ ಬರ್ದಿದೀನಿ ಕಣೋ! ಕಂಡೋರೆಲ್ಲ ಕೈಯಾಡಿಸಿ ಕೆಡಿಸ್ಬೇಕಾ? ಹಂಚಲಿ, ಒಂದಕ್ಷರಾನೂ ಮುಟ್ಟೋ ಹಾಗಿಲ್ಲ."

ಮೊದಲ ಪುಟದಲ್ಲಿ ಹಾಗೆಯೇ ಷರತ್ತು ಹಾಕಿದಳು.

ತಿಂಗಳೊಳಗೆ ದೂರದ ಮ್ಜುಜು ಊರಿನ ಶಿಕ್ಷಕರೊಬ್ಬರ ಪತ್ರ ಬಂತು: "ಮೇಡಂ, ನಾಲ್ಕನೇ ಪಾಠದಲ್ಲಿ ಒಂದು ಸಾಲು ಬಿಟ್ಟುಹೋಗಿ, ಪ್ರೋಗ್ರಾಂ ಶುರುವಾದರೆ ನಿಲ್ಲುವುದೇ ಇಲ್ಲ. ತಿದ್ದಲು ನಿಮ್ಮ ಅಪ್ಪಣೆಯಿಲ್ಲವಲ್ಲ, ತಪ್ಪಿನ ಸಮೇತ ನಲವತ್ತು ಪ್ರತಿ ಹಂಚಿದ್ದೇನೆ."

ಚಿಫುಂಡೊ ಇಣುಕಿ ಓದಿದ. "ಪಾಪ, ಒಂದಕ್ಷರಾನೂ ಮುಟ್ಟಿಲ್ಲ ನೋಡಕ್ಕಾ."

ತಮಂದಾನಿ ನಾಲ್ಕನೇ ಪಾಠಕ್ಕಿಂತ ಮುಂಚೆ ಮೊದಲ ಪುಟವನ್ನು ತಿದ್ದಿದಳು.