ಲಾಕ್ಲನ್ ಹಾಕಿದ ಬೆಸುಗೆ

ಲಾಕ್ಲನ್ ಟೈರ್ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಆದರೂ ಗ್ರೀನಕ್ ಎಂಬ ಊರಿನ ದಿಬ್ಬದ ಮನೆಗಳಲ್ಲಿ ಅವನು ತನ್ನಂತೆಯೇ ಪ್ಲಂಬರನಾದ ತಮ್ಮ ಡೂಗಲ್‌ಗೆ ಎದುರಾಗುತ್ತಲೇ ಇದ್ದ. ಸಿಂಕಿನ ಕೆಳಗೆ ತಲೆ ತೂರಿಸಿ ಟಾರ್ಚು ಹಾಯಿಸಿದರೆ ಸಾಕು, ತಾಮ್ರದ ಪೈಪುಗಳು ಕೂಡುವ ಕಡೆ ಅಣ್ಣನ ಕೈ ಕಾಣುತ್ತಿತ್ತು. ಬೆಸುಗೆ ಬಿಸಿಯಿರುವಾಗಲೇ ಲಾಕ್ಲನ್ ಒದ್ದೆ ಬಟ್ಟೆ ಹಿಡಿದು ಒಂದೇ ಸಲಕ್ಕೆ ತಿರುವಿ ಒರೆಸುತ್ತಿದ್ದ. ಕೊನೆಯಲ್ಲಿ ಲೋಹ ಸಣ್ಣದೊಂದು ಬಾಲ ಎಳೆದುಕೊಂಡು ಗಟ್ಟಿಯಾಗುತ್ತಿತ್ತು. ಊರಿನ ಬೇರೆ ಯಾವ ಪ್ಲಂಬರನ ಕೆಲಸದಲ್ಲೂ ಆ ಬಾಲ ಇರುತ್ತಿರಲಿಲ್ಲ.

ಎಫಿ ಗಾಲ್ಟ್ ಎಂಬ ಮುದುಕಿಯ ಅಡುಗೆಮನೆಯಲ್ಲಿ ನಲ್ಲಿ ಸೋರುತ್ತಿದೆಯೆಂದು ಡೂಗಲ್ ಹೋಗಿದ್ದ. ಅವನು ಮಂಡಿಯೂರಿ ಕೂತ ಕೂಡಲೇ ಮುದುಕಿ ಕುರ್ಚಿಯಿಂದಲೇ ಕೇಳಿದಳು.

"ನೀನ್ಯಾಕೆ ಬಂದ್ಯೋ ಮಗಾ? ನಿಮ್ಮಣ್ಣ ಬೆಳಿಗ್ಗೆ ಬಂದಿದ್ನಲ್ಲ."

"ಅಣ್ಣ ಹೋಗ್ಬಿಟ್ಟ ಎಫಿ. ಮಣ್ಣಿಗೆ ನೀವೂ ಬಂದಿದ್ರಿ."

"ಬಂದಿದ್ದೆ. ಒಳ್ಳೆ ಸ್ಯಾಂಡ್‌ವಿಚ್ ಕೊಟ್ಟಿದ್ರು. ಆದ್ರೂ ಅವನು ಬರ್ತಾನಪ್ಪ. ನೀನು ಕೂತಿದೀಯಲ್ಲ, ಅಲ್ಲೇ ಕೂತು ಸಿಳ್ಳೆ ಹಾಕ್ತಾನೆ."

ಮುದುಕಿಗೆ ಮರೆವು ಎಂದು ಡೂಗಲ್ ನಕ್ಕುಬಿಟ್ಟ. ನಲ್ಲಿ ತಿರುಗಿಸಿದಾಗ ಪೈಪು ಸಣ್ಣಗೆ ಗುಂಯ್ ಎಂದಿತು. ಲಾಕ್ಲನ್ ಕೆಲಸದ ಹೊತ್ತಿನಲ್ಲಿ ಹಲ್ಲಿನ ಸಂದಿಯಿಂದ ಹಾಕುತ್ತಿದ್ದ ಸಿಳ್ಳೆಯೂ ಹೀಗೇ ಇರುತ್ತಿತ್ತು. ಹಳೇ ಪೈಪುಗಳು ಗುಂಯ್ ಎನ್ನುವುದು ಹೊಸದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಸೋರುವ ಜಾಯಿಂಟಿನ ಮೇಲೆ ಉಗುರಿಟ್ಟು ಕೆರೆದ. ಉಗುರು ಇಳಿಯಿತು. ಕೆರೆದ ಕಡೆ ಬೂದು ಬಣ್ಣದ ಗೆರೆ ಹೊಳೆಯಿತು.

ತವರದ ಬೆಸುಗೆಯಾಗಿದ್ದರೆ ಉಗುರಿಗೆ ಜಗ್ಗುತ್ತಿರಲಿಲ್ಲ. ಇದು ಸೀಸ ಬೆರೆತದ್ದು. ಅಂಗಡಿಯಲ್ಲಿ ಎರಡರ ಸುರುಳಿಗಳೂ ಪಕ್ಕಪಕ್ಕದಲ್ಲೇ ತೂಗುತ್ತಿರುತ್ತವೆ. ಸೀಸದ್ದು ಮನೆ ಬೆಚ್ಚಗಿಡುವ ಪೈಪುಗಳಿಗೆ ಮಾತ್ರ, ಕುಡಿಯುವ ನೀರಿನ ಪೈಪಿಗೆ ತಾಗಿಸುವಂತಿಲ್ಲ. ಆದರೆ ಅದು ಬೆಣ್ಣೆಯ ಹಾಗೆ ಹರಿದು ಸಂದು ತುಂಬುತ್ತದೆ. ತವರದ್ದು ಹಟಮಾರಿ, ಹೆಚ್ಚು ಬೆಂಕಿ ಬೇಡುತ್ತದೆ. ಅದಲ್ಲದೆ ಆ ಊರಿಗೆ ಬರುವುದು ಗುಡ್ಡದ ಕೆರೆಯ, ಸುಣ್ಣದಂಶವಿಲ್ಲದ ಮೆದು ನೀರು. ಪೈಪಿನೊಳಗೆ ರಾತ್ರಿಯಿಡೀ ನಿಂತರೆ ಸೀಸವನ್ನು ಕರಗಿಸಿಕೊಳ್ಳುತ್ತದೆ, ಬೆಳಗಿನ ಮೊದಲ ಟೀಗೆ ಅದೇ ನೀರು ಹೋಗುತ್ತದೆ.

ಡೂಗಲ್ ಆ ತುಂಡನ್ನು ಕತ್ತರಿಸಿ ತೆಗೆದು ಹೊಸದು ಹಾಕಿದ. ಎಫಿ ಟೀ ಮಾಡಿ ಕೊಟ್ಟಳು. ಕುಡಿಯಲಾಗಲಿಲ್ಲ.

ಅಲ್ಲಿಂದ ಮುಂದೆ ಅವನ ಉಗುರು ಸುಮ್ಮನಿರಲಿಲ್ಲ. ಯಾವ ಮನೆಗೆ ಯಾವ ಕೆಲಸಕ್ಕೆ ಹೋದರೂ ಸಿಂಕಿನ ಕೆಳಗೆ ಕೈ ಹಾಕಿ ಬಾಲವಿರುವ ಜಾಯಿಂಟು ಹುಡುಕುತ್ತಿದ್ದ. ಸಿಕ್ಕ ಕಡೆಯೆಲ್ಲ ಉಗುರು ಇಳಿಯುತ್ತಿತ್ತು. ಯಾರಿಗೂ ಹೇಳದೆ ಬದಲಾಯಿಸುತ್ತಿದ್ದ. ಆದರೆ ಕರೆಯದ ಮನೆಗಳೊಳಗೆ ಹೋಗುವುದು ಹೇಗೆ? ಬೀದಿಯಲ್ಲಿ ನಡೆಯುವಾಗ ಕಿಟಕಿಗಳ ಹಿಂದೆ ಕೆಟಲ್ ಹಿಡಿದ ಕೈಗಳು ಕಾಣುತ್ತಿದ್ದವು. ಆ ಕೈಗಳ ಹಿಂದೆ, ಒಗೆದು ಒಗೆದು ಮಾಸಿದ ನೀಲಿ ಮೇಲಂಗಿಯಲ್ಲಿ ಅಣ್ಣ ನಿಂತ ಹಾಗಾಗುತ್ತಿತ್ತು. ಸೀಸದ ರುಚಿ ಸಿಹಿ ಎಂದು ಕೇಳಿದ್ದ ಅವನಿಗೆ ತನ್ನ ಮನೆಯ ನೀರೂ ನಾಲಿಗೆಗೆ ಸಿಹಿಯಾಗಿ ಹತ್ತತೊಡಗಿತು. ತನ್ನ ಮನೆಯ ಜಾಯಿಂಟುಗಳು ತನ್ನವೇ, ತವರದವೇ ಎಂದು ಗೊತ್ತಿದ್ದೂ ಸಿಹಿ ಹೋಗಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಅವನನ್ನು ತಿನ್ನುತ್ತಿತ್ತು. ಅಣ್ಣ ಇದನ್ನು ತಿಳಿದೂ ತಿಳಿದೂ ಮಾಡಿದನೇ?

ಒಂದು ಶನಿವಾರ ಮಧ್ಯಾಹ್ನ ಅವನು ಅತ್ತಿಗೆಯ ಮನೆಗೆ ಹೋದ. ನೆಟ್ಟಾ ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲು ತೆಗೆದಳು. ಮಗಳು ಶೋನಾ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವಳು ಅವಳೇ. ಡೂಗಲ್ ಸುತ್ತಿ ಬಳಸದೆ ಹೇಳಿಬಿಟ್ಟ.

"ಎಫಿ ಮನೇಲಿ ಸೀಸ ಸಿಕ್ತು ನೆಟ್ಟಾ. ಕುಡಿಯೋ ನೀರಿನ ಪೈಪಲ್ಲಿ. ಆಮೇಲೆ ಬೇರೆ ಮನೆಗಳಲ್ಲೂ ನೋಡ್ದೆ. ಲಾಕಿ ಕೈ ಇಟ್ಟ ಕಡೆಯೆಲ್ಲಾ ಅದೇ."

ನೆಟ್ಟಾಳ ಮುಖ ಬಿಗಿಯಿತು. "ಸತ್ತೋನು ಬಂದು ಜವಾಬು ಕೊಡಲ್ಲ ಅಂತ ಧೈರ್ಯನಾ ನಿಂಗೆ? ಅವನು ಇದ್ದಾಗ ಎದುರು ನಿಂತು ಒಂದು ಮಾತಾಡಿದ್ಯಾ?"

"ಇಲ್ಲ."

"ಈಗೆಲ್ಲಿಂದ ಬಾಯಿ ಬಂತು?"

"ಜನಕ್ಕೆ ಹೇಳ್ಬೇಕು ನೆಟ್ಟಾ. ಕುಡೀತಾ ಇದಾರೆ."

"ನಿಮ್ ತಾತ ಇಡೀ ಜೀವಮಾನ ಸೀಸದ ಪೈಪಿನ ನೀರೇ ಕುಡಿದು ತೊಂಬತ್ತು ದಾಟಿದ್ದು. ಲಾಕಿ ಹೇಳ್ತಾನೇ ಇದ್ದ, ಇವೆಲ್ಲಾ ಆಫೀಸಲ್ಲಿ ಕೂತೋರು ಹುಟ್ಟಿಸಿದ ಭಯ ಅಂತ. ನಾಳೆ ನಾನು ಅಂಗಡಿಗೆ ಹೋದ್ರೆ, ಊರಿಗೆಲ್ಲಾ ವಿಷ ಹಾಕಿದೋನ ಹೆಂಡ್ತಿ ಬಂದ್ಲು ಅನ್ಬೇಕಾ ಜನ?"

ಹೇಳುತ್ತಲೇ ಅವಳು ಮಗುವಿನ ಪುಡಿ ಹಾಲಿಗೆಂದು ಕೆಟಲನ್ನು ನಲ್ಲಿಯ ಕೆಳಗೆ ಹಿಡಿದಳು. ಆ ಅಡುಗೆಮನೆ ಲಾಕ್ಲನ್ ಮಾಡಿದ ಕೊನೆಯ ಕೆಲಸ. ಶೋನಾ ಬಸುರಿಯೆಂದು ತಿಳಿದ ಖುಷಿಯಲ್ಲಿ, ಎದೆ ನೋವನ್ನೂ ಲೆಕ್ಕಿಸದೆ ಹೊಸದಾಗಿ ಪೈಪು ಎಳೆದಿದ್ದ.

ಡೂಗಲ್ ಸಿಂಕಿನ ಕೆಳಗೆ ಮಂಡಿಯೂರಿದ. ಇಲ್ಲಿ ತವರವಿದ್ದರೆ ಅಣ್ಣನಿಗೆ ಎಲ್ಲ ಗೊತ್ತಿತ್ತು ಎಂದೇ ಅರ್ಥ. ಕಂಡವರ ಮನೆಗೆ ಒಂದು ಬೆಸುಗೆ, ತನ್ನ ಮನೆಗೆ ಇನ್ನೊಂದು. ಕತ್ತಲಲ್ಲಿ ಕೈಯಾಡಿಸಿದ. ಬಾಲ ಬೆರಳಿಗೆ ಸಿಕ್ಕಿತು. ಉಗುರಿಟ್ಟು ಒತ್ತಿದ.

ಇಳಿಯಿತು.

ಅಬ್ಬಾ ಎನಿಸಿತು ಅವನಿಗೆ, ಅಣ್ಣ ಕಳ್ಳನಲ್ಲ, ಬರೀ ಮೊಂಡ. ಮರುಕ್ಷಣವೇ ತನ್ನ ನಿರಾಳಕ್ಕೆ ತಾನೇ ಹೇಸಿದ. ತಲೆಯ ಮೇಲಿನ ಕಟ್ಟೆಯಲ್ಲಿ ಕೆಟಲ್ ಕುದಿಯತೊಡಗಿತ್ತು.

"ಆ ನೀರು ಚೆಲ್ಲು."

"ಏನಂದೆ?"

"ಇಲ್ಲೂ ಅದೇ. ಕುದಿಸಿದ್ರೂ ಹೋಗಲ್ಲ ಅದು. ಚೆಲ್ಲು ನೆಟ್ಟಾ!"

ಅವಳು ಜಗಳಕ್ಕೆ ಬರಲಿಲ್ಲ. ಕೆಟಲ್ ಬೋರಲು ಹಾಕಿ, ಮಗುವನ್ನು ಅವುಚಿಕೊಂಡು ನೆಲದ ಮೇಲೆ ಅವನ ಪಕ್ಕದಲ್ಲೇ ಕುಸಿದು ಕೂತಳು. ಆಮೇಲೆ ಕೇಳಿದಳು, "ಅವನಿಗೆ ಕೈ ನಡುಗ್ತಿತ್ತಲ್ಲ ಕೊನೇ ವರ್ಷ. ಸುಮ್ಸುಮ್ನೆ ಸಿಟ್ಟು ಬೇರೆ. ಕುಡಿತ ಅಂತ ಬೈತಿದ್ದೆ. ಅದೂ ಇದ್ರಿಂದಾನಾ?"

"ಗೊತ್ತಿಲ್ಲ."

"ಯಾರಿಗ್ ಗೊತ್ತಿರತ್ತೆ?"

"ಇನ್ಮೇಲೆ ಯಾರಿಗೂ ಗೊತ್ತಾಗಲ್ಲ."

ಮಗುವಿನ ರಕ್ತ ಪರೀಕ್ಷೆಯಲ್ಲಿ ಸೀಸ ಇರಬಾರದಷ್ಟು ಇತ್ತು. ನೀರು ಬದಲಾದರೆ ಇಳಿಯುತ್ತದೆ, ಆದರೆ ಬೆಳೆಯುವಾಗ ಕಣ್ಣಿಟ್ಟಿರಬೇಕು ಎಂದರು ಡಾಕ್ಟರು. ಆ ಕಣ್ಣಿಡುವುದು ಎಲ್ಲಿಯವರೆಗೆ ಎಂದು ಶೋನಾ ಕೇಳಿದಾಗ ಡಾಕ್ಟರು ಮುಂದಿನ ತಪಾಸಣೆಯ ದಿನ ಬರೆದುಕೊಟ್ಟರು. ಶೋನಾ ತಾಯಿಯ ಜೊತೆ ಮಾತು ಬಿಟ್ಟಳು, ಬೇಸಿಗೆ ಮುಗಿಯುವ ಹೊತ್ತಿಗೆ ಮತ್ತೆ ಆಡಿದಳು.

ನೆಟ್ಟಾ ಮತ್ತು ಡೂಗಲ್ ಇಬ್ಬರೂ ದಿಬ್ಬದ ಬೀದಿಗಳನ್ನು ಹತ್ತಿಳಿದರು. ಬಾಗಿಲು ತಟ್ಟುತ್ತಿದ್ದವನು ಅವನು, ಹೇಳುತ್ತಿದ್ದವಳು ಅವಳು. "ನಾನು ಲಾಕಿ ಟೈರ್ ಹೆಂಡ್ತಿ. ಅವನು ಹಾಕಿದ ಪೈಪು ಬದಲಾಯಿಸ್ಬೇಕು. ಅಲ್ಲೀವರೆಗೆ ಈ ನಲ್ಲಿ ನೀರು ಕುಡೀಬೇಡಿ." ಕೆಲವರು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದರು. ಒಬ್ಬಳು ತನ್ನ ಮಗನ ತಲೆಗೆ ಓದು ಹತ್ತದಿರುವುದಕ್ಕೆಲ್ಲ ಇದೇ ಕಾರಣವೆಂದು ಅಂಗಳದಲ್ಲಿ ನಿಂತು ಕೂಗಾಡಿದಳು. ಅವಳು ಮುಗಿಸಿದ ಮೇಲೆ ಡೂಗಲ್ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ.

ಕತ್ತರಿಸಿದ ತುಂಡುಗಳನ್ನು ಡೂಗಲ್ ಒಂದು ದಿನ ಗುಜರಿಗೆ ಒಯ್ದ. ಗುಜರಿಯವನು ಒಂದನ್ನೆತ್ತಿ ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದ.

"ಏನ್ ಚೆಂದ ಒರೆಸಿದಾನೋ! ಯಾರ ಕೈ ಇದು?"

"ನಮ್ಮಣ್ಣಂದು."

"ಈಗ ಇಂಥ ಕೆಲಸ ಮಾಡೋರೆಲ್ಲಿದಾರೆ?"

ಡೂಗಲ್ ವ್ಯಾನಿಗೆ ಬಂದು ಕೂತ. ಸಣ್ಣ ಮಳೆ ಹಿಡಿದಿತ್ತು. ಪಕ್ಕದ ಸೀಟಿನಲ್ಲಿ ಯಾರೋ ಉಸಿರು ಬಿಟ್ಟ ಹಾಗಾಯಿತು. ಅವನು ಆ ಕಡೆ ತಿರುಗಲಿಲ್ಲ.

"ಇನ್ನೂ ಸುಮಾರು ಮನೆ ಇವೆ ಲಾಕಿ," ಎಂದ. "ಬರೋದಾದ್ರೆ ಬಾ."

ವ್ಯಾನು ದಿಬ್ಬ ಹತ್ತತೊಡಗಿತು.