ನೂರಾ ಒಂದು ಗಿಳಿಚೀಲ

ಸುಳ್ಳು ಹೇಳುವುದು ಮಹಾನಂದಾಳ ಜಾಯಮಾನವಲ್ಲ. ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುವಾಗಲೂ "ಆಚಿ ಅಂಗಡ್ಯಾಗ ಕಡಿಮಿಗೆ ಕೊಡ್ತಾರ" ಎಂಬ ಸಣ್ಣ ಸುಳ್ಳು ಅವಳ ಬಾಯಿಗೆ ಬರುತ್ತಿರಲಿಲ್ಲ. ಅಂಥವಳು ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟೊಂದರ ಹನ್ನೊಂದನೇ ಮಹಡಿಯಲ್ಲಿ, ಸೋಫಾದ ತುದಿಗೆ ಕೂತು, ಏಳು ವರ್ಷದ ಮಗಳೊಬ್ಬಳನ್ನು ಒಂದೇ ಉಸಿರಿಗೆ ಹೆತ್ತುಬಿಟ್ಟಳು!

ಆದದ್ದಿಷ್ಟೇ. ಆ ಮನೆಯ ನೀಲಾಂಬಿಕಾ ಮೇಡಂ ದಾವಣಗೆರೆ ಕಡೆಯವರು. ಮಗಳು ಸ್ಫೂರ್ತಿಯ ಬಸಿರಿಗೆ ಏಳು ತಿಂಗಳು ತುಂಬಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹೆಂಗಸರೆಲ್ಲ ಸೇರಿ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವ ಕುಬಸದ ಕಾರ್ಯವನ್ನು ಭಾನುವಾರ ಇಟ್ಟುಕೊಂಡಿದ್ದರು. ಬಂದವರಿಗೆ ಸಿಹಿ ಹಾಕಿಕೊಡಲು ನೂರಾ ಒಂದು ಪುಟ್ಟ ಬಟ್ಟೆ ಚೀಲ ಬೇಕಿತ್ತು. ಮಹಾನಂದಾ ತಂದ ಮಾದರಿ ಚೀಲವನ್ನು ಹಿಡಿದು, ಅದರ ಮೇಲಿನ ಹಸಿರು ಗಿಳಿಯನ್ನು ಬೆರಳಿನಿಂದ ಸವರಿ, ಮೇಡಂ ಎಲ್ಲರೂ ಕೇಳುವುದನ್ನೇ ಕೇಳಿದರು.

"ಎಷ್ಟು ಚಂದ ಮಾಡಿದ್ದೀಯಮ್ಮ! ನಿನಗೆ ಮಕ್ಕಳೆಷ್ಟು?"

ಹನ್ನೆರಡು ವರ್ಷದಿಂದ ಈ ಪ್ರಶ್ನೆಗೆ ತಲೆ ತಗ್ಗಿಸಿ ತಗ್ಗಿಸಿ ಅವಳ ಕುತ್ತಿಗೆ ನೊಂದಿತ್ತು. ಊರಲ್ಲಿ ತಂಗಿಯ ಕುಬಸದ ದಿನ, ಉಡಿ ತುಂಬಲೆಂದು ಅಕ್ಕಿಗೆ ಕೈ ಹಾಕಿದಾಗ ಚಿಗವ್ವ ಮೊರವನ್ನು ಮೆಲ್ಲಗೆ ಆಚೆ ಸರಿಸಿದ್ದಳು. ಮಕ್ಕಳಿಲ್ಲದವಳ ಕೈ ಅಂತ ಬಾಯಿಬಿಟ್ಟು ಯಾರೂ ಅನ್ನಲಿಲ್ಲ, ಅನ್ನುವುದೇನೂ ಉಳಿದಿರಲಿಲ್ಲ. ನಿಜ ಹೇಳಿದರೆ ಇವರೂ ಚೀಲವನ್ನು ಹಾಗೇ ಸರಿಸಿಬಿಟ್ಟರೆ?

"ಒಬ್ಬಾಕಿ ಮಗಳ ಅದಾಳ್ರಿ, ಶೈಲಾ ಅಂತ. ಏಳ ವರ್ಷ ಆತ್ರಿ."

"ಹೌದಾ! ಭಾನುವಾರ ಕರ್ಕೊಂಡೇ ಬರಬೇಕು ಮತ್ತೆ."

ಲಿಫ್ಟಿನ ಕನ್ನಡಿಯಲ್ಲಿ ಮಹಾನಂದಾ ತನ್ನನ್ನು ನೋಡಿಕೊಂಡಳು. ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಯಾರೋ ನಿಂತಂತಿತ್ತು. ಹೊಸೂರು ರೋಡಿನ ಗದ್ದಲದಲ್ಲಿ ಸಿಂಗಸಂದ್ರದ ಕಡೆ ನಡೆಯುವಾಗ, ಪುಟ್ಟ ಕಾಲುಗಳಿಗೆ ಸರಿಹೋಗಲೆಂದು ತನ್ನ ನಡಿಗೆ ನಿಧಾನವಾದದ್ದು ಅವಳಿಗೇ ಗೊತ್ತಾಗಲಿಲ್ಲ.

ಸಿಂಗಸಂದ್ರದಲ್ಲಿ ಅವಳದು ಮಹಡಿಯ ಮೇಲಿನ ತಗಡಿನ ಸೂರಿನ ಒಂದು ಬಾಡಿಗೆ ರೂಮು. ಗಂಡ ಬಸಲಿಂಗ ಹೊಸ ಕಟ್ಟಡಗಳಿಗೆ ಟೈಲ್ಸ್ ಕೂರಿಸುವವನು. ಅವನು ಕೆಲಸಕ್ಕೆ ಹೋದ ಮೇಲೆ ಮನೆಯ ಮುಂದಿನ ತಾರಸಿಯೇ ಅವಳ ಕಾರ್ಖಾನೆ. ಗಾರ್ಮೆಂಟ್ಸಿನಲ್ಲಿ ಉಳಿದ ಕೆನೆಬಣ್ಣದ ಬಟ್ಟೆ ತುಂಡುಗಳು, ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಗಿಳಿಯಾಕಾರಕ್ಕೆ ಕೊರೆದು ಮರದ ತುಂಡಿಗೆ ಅಂಟಿಸಿದ ಅಚ್ಚು. ಹೂವಿಗೆ ಬೆಂಡೆಕಾಯಿ ಸಾಕು, ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ದಳದ ಹೂವು. ಕೊಕ್ಕು ಮತ್ತು ಕಣ್ಣು ಮಾತ್ರ ಕುಂಚದಿಂದಲೇ ಬರೆಯಬೇಕು.

ಕಣ್ಣು ಬರೆಯುವಾಗ ಶೈಲಾ ಬರುತ್ತಿದ್ದಳು. ಹಸಿರು ಫ್ರಾಕು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಹಗ್ಗಕ್ಕೆ ತೂಗುಹಾಕಿದ ಚೀಲಗಳ ಸಾಲಿನ ನಡುವೆ ನುಸುಳಿ ಬಂದು, ಎದುರಿಗೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. "ಅವ್ವಾ, ಈ ಗಿಳಿಗೆ ನಿದ್ದಿ ಬಂದೈತಿ ನೋಡ" ಅಂದರೆ ಮಹಾನಂದಾ ಅದಕ್ಕೆ ಅರೆಮುಚ್ಚಿದ ಕಣ್ಣು ಬರೆಯುವಳು. "ಇದಕ್ಕ ಸಿಟ್ಟು" ಅಂದರೆ ಹುಬ್ಬು ಏರಿಸುವಳು. ಗಾಳಿ ಬೀಸಿದಾಗ ಗಿಳಿಗಳೆಲ್ಲ ಒಟ್ಟಿಗೆ ಅಲುಗಾಡುತ್ತಿದ್ದವು. ಅಯ್ಯೋ, ಎಂಥ ಸುಖ ಅದು! ಇಲ್ಲದ್ದು ಅಂತ ಅವಳಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಮಗಳಿಗೆ ಜಾಗ ಬಿಟ್ಟು ಕೂರುತ್ತಿದ್ದಳು.

"ಯಾರ ಕೂಡ ಮಾತಾಡಾಕತ್ತಿ?" ಎಂದು ಬೇಗ ಮನೆಗೆ ಬಂದ ಬಸಲಿಂಗ ಒಂದು ದಿನ ಕೇಳಿದ.

"ಗಿಳಿ ಕೂಡ. ನಿಮಗೇನಾತು?"

ಅವನು ಕೈಕಾಲು ತೊಳೆಯಲು ಹೋದ.

ಗುರುವಾರ ಮಧ್ಯಾಹ್ನಕ್ಕೆ ನೂರಾ ಒಂದೂ ಮುಗಿದವು. ಬಣ್ಣ ನಿಲ್ಲಲಿ ಅಂತ ಇಸ್ತ್ರಿಯೂ ಆಯಿತು. ಆಮೇಲೆ ಅವಳು ಮಾಡಿದ್ದು ಯಾರೂ ಹೇಳದ ಕೆಲಸ. ಅವಳವ್ವ ಕೌದಿ ಹೊಲಿಯುವಾಗ ಕೊನೆಯ ತೇಪೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡುತ್ತಿದ್ದಳು. ಬರಿ ಹೊಟ್ಟೆಯಲ್ಲಿ ಕೌದಿಯನ್ನು ಯಾರಿಗೂ ಕೊಡಬಾರದು, ಹೊಟ್ಟೆ ತುಂಬಿಸಿದ ಮೇಲೆ ಮತ್ತೆ ಬಿಚ್ಚಲೂಬಾರದು, ಇದು ಅವ್ವನ ಕಟ್ಟಳೆ. ಮಹಾನಂದಾ ಒಂದೊಂದು ಚೀಲಕ್ಕೂ ಐದೈದು ಜೋಳದ ಕಾಳು ಹಾಕಿ, ದಾರ ಎಳೆದು ಗಂಟು ಕಟ್ಟಿ, ಎಲ್ಲವನ್ನೂ ಬಿದಿರು ಬುಟ್ಟಿಯಲ್ಲಿ ಜೋಡಿಸಿ, ಮೇಲೆ ಕೌದಿ ಹೊದಿಸಿ ಮೂಲೆಗಿಟ್ಟಳು.

ಸಂಜೆ ಧೋ ಎಂದು ಮಳೆ ಹೊಡೆಯಿತು. ತಗಡಿನ ಮೊಳೆ ತೂತಿನಿಂದ ಇಳಿದ ನೀರು ಗೋಡೆಗುಂಟ ಹರಿದು ಸೀದಾ ಬುಟ್ಟಿಯೊಳಗೆ ಸೇರಿದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಬಿಚ್ಚಿ ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಬಿಚ್ಚಬಾರದಲ್ಲ! ಬುಟ್ಟಿ ಮೂರು ದಿನ ಹಾಗೇ ಕೂತಿತು.

ಭಾನುವಾರ ಬೆಳಿಗ್ಗೆ ಬುಟ್ಟಿಯನ್ನು ಗೇಟಿನ ತನಕ ಹೊತ್ತ ಬಸಲಿಂಗ, "ಬಟ್ಟಿ ಚೀಲ ಇಷ್ಟು ಭಾರ ಆಗ್ತಾವನು?" ಅಂದ. ಅವಳ ಗಮನವೆಲ್ಲ ಬೇರೆಡೆ ಇತ್ತು. ಮಗಳಿಗೆ ಜ್ವರ ಅನ್ನಬೇಕು, ಅಷ್ಟೇ. ಜ್ವರ ಬಂದ ಮಗುವನ್ನು ಯಾರೂ ಕರೆತಾ ಅನ್ನುವುದಿಲ್ಲ.

ಮನೆ ತುಂಬ ಮಲ್ಲಿಗೆ, ಮಂದಿ. ಹಸಿರು ಸೀರೆಯುಟ್ಟು ಕೂತಿದ್ದ ಸ್ಫೂರ್ತಿ ತಾನೇ ಕೌದಿ ಸರಿಸಿ ಒಂದು ಚೀಲದ ಗಂಟು ಬಿಚ್ಚಿದಳು. ಒಳಗೆ ಕೈ ಹಾಕಿದವಳು, "ಅಮ್ಮಾ, ಇಲ್ ನೋಡೇ!" ಎಂದು ಕೂಗಿದಳು.

ಚೀಲದ ಬಾಯಿಂದ ಐದು ಎಳೆ ಮೊಳಕೆಗಳು ಇಣುಕುತ್ತಿದ್ದವು. ಇನ್ನೊಂದು ಬಿಚ್ಚಿದರೆ ಅದರಲ್ಲೂ. ಮತ್ತೊಂದರಲ್ಲೂ. ಬಣ್ಣ ಒಂದಿಷ್ಟೂ ಕದಡಿರಲಿಲ್ಲ, ಆದರೆ ಬಟ್ಟೆ ತಣ್ಣಗಿತ್ತು, ಹಸಿ ಮಣ್ಣಿನಂಥ ವಾಸನೆ ಬರುತ್ತಿತ್ತು. ಮಹಾನಂದಾ ಬುಟ್ಟಿಯ ಬಳಿ ಓಡಿ ಬಂದಳು. "ತಪ್ಪಾತ್ರಿ ಮೇಡಂ. ಬರೇ ಚೀಲ ಕೊಡಬಾರದಂತ ಐದ ಕಾಳ ಹಾಕಿದ್ದೆ. ನೀರ ಹೊಕ್ಕೈತಿ."

ನೀಲಾಂಬಿಕಾ ಮುಖವರಳಿಸಿ ಸುತ್ತಲಿನವರಿಗೆಲ್ಲ ಚೀಲ ಎತ್ತಿ ತೋರಿಸಿದರು. "ಕುಬಸದ ದಿನವೇ ಮೊಳಕೆ ಬಂದಿದೆ, ಇದಕ್ಕಿಂತ ಶುಭ ಬೇಕಾ? ಮಕ್ಕಳ ಹೆತ್ತವಳ ಕೈಗುಣ ಕಣ್ರೀ ಇದು! ಸಿಹಿ ತಟ್ಟೆಯಲ್ಲಿ ಕೊಟ್ಟರಾಯ್ತು, ಚೀಲ ಹೀಗೇ ಕೊಡೋಣ. ಎಲ್ಲಿ ಮಹಾನಂದಾ, ನಿನ್ನ ಮಗಳು?"

ಬಾಗಿಲ ಬಳಿ, ಚಪ್ಪಲಿಗಳ ರಾಶಿಯ ಪಕ್ಕ, ಶೈಲಾ ನಿಂತಿದ್ದಳು. ಹಸಿರು ಫ್ರಾಕು. ಅವ್ವನನ್ನೇ ನೋಡುತ್ತಿದ್ದಳು. ಜ್ವರ ಅಂದರೆ ಸಾಕಿತ್ತು, ನಾಳೆಯೂ ತಾರಸಿಗೆ ಬರುತ್ತಿದ್ದಳು, ನಾಡಿದ್ದೂ ಬರುತ್ತಿದ್ದಳು. ಮಹಾನಂದಾ ತನ್ನ ಕೈ ನೋಡಿಕೊಂಡಳು. ಉಗುರ ಸಂದಿಯಲ್ಲಿ ಇನ್ನೂ ಹಸಿರು ಬಣ್ಣ ಇತ್ತು. ಹನ್ನೆರಡು ವರ್ಷ ಊರೆಲ್ಲ ಬರಡು ಅಂದ ಕೈ ಇದು. ಮೊಳೆಸಿದ್ದು ಇದೇ ಕೈ. ಈಗ ಇದರ ಪುಣ್ಯವನ್ನು ಇಲ್ಲದ ಮಗಳ ಹೆಸರಿಗೆ ಬರೆದುಕೊಡುವುದೇ?

"ನನಗ ಮಗಳಿಲ್ರಿ," ಅಂದಳು. "ಸುಳ್ಳ ಹೇಳಿದ್ದೆ. ನಾ ಒಂದೂ ಹಡದಿಲ್ಲ. ಕಾಳ ಹಾಕಿದ್ದು ಈ ಕೈರಿ."

ನೀಲಾಂಬಿಕಾ ಕೈಯಲ್ಲಿದ್ದ ಚೀಲವನ್ನು ಮೆಲ್ಲಗೆ ಬುಟ್ಟಿಗಿಟ್ಟರು. ಅಕ್ಕಿಯ ಮೊರ ಅವರ ಪಕ್ಕದಲ್ಲೇ ಇತ್ತು, ಅವರ ಕೈ ಅದರ ಕಡೆ ಹೋಗಿ ಅಲ್ಲೇ ನಿಂತಿತು. ಮಹಾನಂದಾ ಆ ಕೈಯನ್ನೇ ನೋಡುತ್ತಿದ್ದಳು. ಮೊರ ಯಾವ ಕಡೆ ಸರಿಯುತ್ತದೆಂದು ಅವಳು ಮುಂಚೆ ಒಮ್ಮೆ ನೋಡಿದ್ದಳು.

"ಅಮ್ಮ," ಅಂದಳು ಸ್ಫೂರ್ತಿ. ಎದ್ದು ಬಂದು, ಹಸಿರು ಸೆರಗನ್ನು ಎರಡೂ ಕೈಯಲ್ಲಿ ಮಹಾನಂದಾಳ ಮುಂದೆ ಒಡ್ಡಿದಳು. "ನನಗೆ ಮೊದಲು ಇವರೇ ಉಡಿ ತುಂಬಲಿ."

ಮೊರ ಸರಿಯಿತು. ಮಹಾನಂದಾಳ ಕಡೆಗೇ ಸರಿಯಿತು.

ಐದು ಬೊಗಸೆ ಅಕ್ಕಿ ಹಾಕುವಷ್ಟರಲ್ಲಿ ಅವಳ ಕಣ್ಣು ಮಂಜಾಗಿ ಅಕ್ಕಿಯೂ ಕಾಣುತ್ತಿರಲಿಲ್ಲ, ಸೆರಗೂ ಕಾಣುತ್ತಿರಲಿಲ್ಲ. ಒರೆಸಿಕೊಂಡು ಬಾಗಿಲ ಕಡೆ ನೋಡಿದಳು. ಅಲ್ಲಿ ಚಪ್ಪಲಿಗಳಷ್ಟೇ ಇದ್ದವು.

ಸಂಜೆ ಖಾಲಿ ಹಗ್ಗದ ಕೆಳಗೆ ಸುಮ್ಮನೆ ಕೂತಿದ್ದಳು. ಮಡಿಲಲ್ಲಿ ಸ್ಫೂರ್ತಿ ಮೊಳಕೆ ಸಮೇತ ವಾಪಸು ಕೊಟ್ಟ ಒಂದು ಚೀಲ, ನಿದ್ದೆಗಣ್ಣಿನ ಗಿಳಿಯದು. ಬಸಲಿಂಗ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂತ.

"ಯಾಕ, ಇವತ್ತ ಯಾರ ಕೂಡಾನೂ ಮಾತಾಡವಲ್ಲಿ?"

"ಆಕಿ ಹೋದ್ಲು," ಅಂದಳು ಮಹಾನಂದಾ. ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.

ಅವನು ಚಹಾ ಕೆಳಗಿಟ್ಟ. ಹಗ್ಗದ ಕಡೆ ನೋಡಿ, "ಮೆಟ್ಟಲದಾಗ ನಿಂತ ಕೇಳ್ತಿದ್ದೆ. ನನಗೂ ರೂಢಿ ಆಗಿದ್ಲು" ಅಂದ. ಆಮೇಲೆ ಖಾಲಿ ಬಣ್ಣದ ಡಬ್ಬಿಯೊಂದಕ್ಕೆ ಮಣ್ಣು ತುಂಬಿಕೊಂಡು ಬಂದು ಅವಳ ಮುಂದಿಟ್ಟ.