ಮೂರು ಕಚ್ಚಿನ ಎಂಜಿನ್

"ಎಂಜಿನ್ ಚಾಲೂ ಮಾಡ್ರಿ. ನಾ ಇಲ್ಲೇ ಬಾಜೂಕ ಒಂದ್ ತಾಸ ಮಲಗ್ತೇನಿ" ಎಂದು ಹೊಳೆಪ್ಪ ಹೆಗಲ ಮೇಲಿನ ಕಂಬಳಿಯನ್ನು ಎಣ್ಣೆ ಕುಡಿದು ಕಪ್ಪಾಗಿದ್ದ ನೆಲದ ಮೇಲೆ ಹಾಸಿದ.

ಲೋಕಾಪುರದಲ್ಲಿ ಹಳೇ ಲಾರಿ ಎಂಜಿನ್ ಮಾರುವ ಆದಿನಾಥ ತರಹೇವಾರಿ ಗಿರಾಕಿಗಳನ್ನು ಕಂಡವನು. ಆಯಿಲ್ ಮೂಸಿ ನೋಡುವವರು, ಹೊಗೆಗೆ ಅಂಗೈ ಒಡ್ಡುವವರು, ಏನೂ ತಿಳಿಯದಿದ್ದರೂ ನಟ್ಟು ಬೋಲ್ಟು ತಟ್ಟಿ ತಲೆಯಾಡಿಸುವವರು. ಮಲಗುತ್ತೇನೆ ಎಂದವನು ಇವನೊಬ್ಬನೇ.

"ಎಂಜಿನ್ ಖರೀದಿಗೆ ಬಂದೀಯೋ, ಮಾವನ ಮನಿಗೆ ಬಂದೀಯೋ?"

ಕಂಬಳಿಯ ತುದಿಯಲ್ಲಿ ಕುಳಿತಿದ್ದ ಹೆಂಡತಿ ಸತ್ಯವ್ವ ನಕ್ಕಳು. "ಇವರಪ್ಪ ಕುರಿ ನಡುವ ಮಲಗಾವ್ರಿ. ಗುಡುಗು ಹೊಡದ್ರೂ ಏಳ್ತಿದ್ದಿಲ್ಲ. ಒಂದ್ ಕುರಿ ಕೆಮ್ಮಿದ್ರ ಎದ್ದು ಕುಂದರ್ತಿದ್ರು. ಇವರದೂ ಹಂಗ."

ಅದು ಖರೆ. ಅಪ್ಪ ಕಾಮಣ್ಣನ ಕೋಲು ಬಿಟ್ಟು ಸ್ಟೇರಿಂಗ್ ಹಿಡಿದು ಇಪ್ಪತ್ತು ವರ್ಷವಾದರೂ ಹೊಳೆಪ್ಪನ ಕಿವಿ ಮಾತ್ರ ಕುರುಬನದಾಗಿಯೇ ಉಳಿದಿತ್ತು. ಓಡುವ ಎಂಜಿನ್ನಿನ ಪಕ್ಕದಲ್ಲಿ ಗಡದ್ದಾಗಿ ಮಲಗುತ್ತಿದ್ದ. ಸದ್ದು ಎಳ್ಳಷ್ಟು ತಪ್ಪಿದರೂ ಎಚ್ಚರ. ಅವನಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಇವತ್ತಿನವರೆಗೆ ಅದು ಅವನಿಗೆ ಕೈ ಕೊಟ್ಟಿರಲಿಲ್ಲ.

ಅವನ ಲಾರಿಯ ಎಂಜಿನ್ ಹೋದ ತಿಂಗಳು ಹಿಡಿದುಕೊಂಡು ನಿಂತೇ ಹೋಗಿತ್ತು. ಇನ್ನು ಹದಿನೈದು ದಿನಕ್ಕೆ ಹಿಪ್ಪರಗಿ ಕಡೆಯ ಕಬ್ಬು ಸಾಗಿಸುವ ಕೆಲಸ ಶುರು. ಆದಿನಾಥನ ತಗಡಿನ ಶೆಡ್ಡಿನಲ್ಲಿ ಅದೇ ಅಳತೆಯ ಎರಡು ಎಂಜಿನ್ನುಗಳಿದ್ದವು. ಒಂದೇ ಕಂಪನಿ, ಆರಾರು ಸಿಲಿಂಡರ್, ಅಕ್ಕಪಕ್ಕ ನಿಲ್ಲಿಸಿದರೆ ಅವಳಿ ಜವಳಿ. ಆದರೆ ಒಂದಕ್ಕೆ ಅರವತ್ತೆರಡು ಸಾವಿರ, ಹೊಸದಾಗಿ ನೀಲಿ ಬಣ್ಣ ಹೊಡೆದ ಇನ್ನೊಂದಕ್ಕೆ ಎಂಬತ್ತು. "ನೀಲಿದು ಹೆಚ್ಚು ಗಟ್ಟಿ" ಎನ್ನುವುದಷ್ಟೇ ಆದಿನಾಥನ ವಿವರಣೆ.

ಹೊಳೆಪ್ಪನ ಕೈಯಲ್ಲಿದ್ದದ್ದು ಅರವತ್ತೆರಡು. ನಡುವಿನ ಹದಿನೆಂಟು ಎಂದರೆ ಸತ್ಯವ್ವನ ಎಂಟು ಕುರಿ. ಇನ್ನೂರು ಕುರಿಗಳ ಹಿಂಡಿನಲ್ಲಿ ಉಳಿದದ್ದು ಅಷ್ಟೇ. "ಬೇಕಾದ್ರ ಮಾರೂಣು" ಎಂದು ಅವಳೇ ಹೇಳಿದ್ದಳು. ಹೇಳಿದ ದಿನ ಊಟಕ್ಕೆ ಕೂತು, ರೊಟ್ಟಿ ಮುರಿದು, ಹಾಗೆಯೇ ಎದ್ದು ಕುರಿಗಳ ಹತ್ತಿರ ಹೋಗಿಬಿಟ್ಟಿದ್ದಳು. ಆ ಮುರಿದ ರೊಟ್ಟಿ ನೆನಪಾದಾಗಲೆಲ್ಲ ಹೊಳೆಪ್ಪನಿಗೆ ಸಂಕಟವಾಗುತ್ತಿತ್ತು.

ಜಮಖಂಡಿಯಿಂದ ಜೊತೆಗೆ ಬಂದಿದ್ದ ಮಿಸ್ತ್ರಿ ಮುತ್ತಣ್ಣ ಮೊದಲು ಅಗ್ಗದ ಎಂಜಿನ್ ಚಾಲೂ ಮಾಡಿದ. ಹೊಳೆಪ್ಪ ಮಗ್ಗುಲಾದ. ಸದ್ದು ಚೊಕ್ಕವಾಗಿತ್ತು, ಎಲ್ಲಿಯೂ ತಪ್ಪಲಿಲ್ಲ. ಆದರೆ ಪರ ಊರಿನವರ ಮನೆಯ ಜಗಲಿಯಲ್ಲಿ ಮಲಗಿದ ಹಾಗೆ ಮೈ ಬಿಗಿಯಾಗಿಯೇ ಇತ್ತು. ತಾಸು ಹೊತ್ತು ತಗಡಿನ ತೂತುಗಳನ್ನು ಎಣಿಸಿದ.

"ಹ್ಯಾಂಗೈತಿ?" ಎಂದ ಆದಿನಾಥ.

"ಛಲೋ ಐತ್ರಿ. ನಿದ್ದಿ ಹತ್ತಲಿಲ್ಲ ಅಷ್ಟ."

ಆಮೇಲೆ ನೀಲಿ ಎಂಜಿನ್. ಮುತ್ತಣ್ಣ ಚಾಲೂ ಮಾಡಿದ್ದೇ ತಡ, ತೋಳನ್ನು ತಲೆಯ ಕೆಳಗೆ ಮಡಚುವಷ್ಟರಲ್ಲಿ ಹೊಳೆಪ್ಪ ಇಲ್ಲಿರಲಿಲ್ಲ.

ಬೀಳಗಿ ಸೀಮೆಯ ಹೊಳೆದಂಡೆಯ ಹಳೇ ಊರಿನಲ್ಲಿದ್ದ. ಅಣೆಕಟ್ಟಿನ ಹಿನ್ನೀರು ಊರನ್ನು ಮುಳುಗಿಸುವುದಕ್ಕೆ ಮುಂಚಿನ ದಿನಗಳು. ಲಾರಿಯ ತುಂಬ ಬಾಗಿಲು, ಚೌಕಟ್ಟು, ಕಣಜ, ಬೀರಪ್ಪನ ಗುಡಿಯ ಡೊಳ್ಳು. ಕ್ಯಾಬಿನ್ನಿನ ನೆತ್ತಿಯ ಮೇಲೆ ಅಪ್ಪ ಮರಿಯೊಂದನ್ನು ತಬ್ಬಿಕೊಂಡು ಕುಳಿತಿದ್ದಾನೆ. ನೀರು ಅವಸರವಿಲ್ಲದೆ, ಸಾಕಿದ ನಾಯಿಯಂತೆ ಲಾರಿಯ ಹಿಂದೆ ಹಿಂದೆ ಬರುತ್ತಿದೆ. ಬಾಗಿಲಿಲ್ಲದ ಮನೆಯ ಹೊಸ್ತಿಲಲ್ಲಿ ಇಂದ್ರವ್ವ ಮುದುಕಿ ಗಂಟು ಹಿಡಿದು ಕುಳಿತಿದ್ದಾಳೆ. "ಹೊಳೆಪ್ಪಾ, ಇನ್ನೊಂದ್ ಟ್ರಿಪ್ಪಿಗೆ ಬರ್ತೀಯಲ್ಲೋ ಯಪ್ಪಾ?" "ಬರ್ತೇನಬೇ, ಅಲ್ಲೇ ಕುಂದರ" ಎನ್ನುತ್ತಾನೆ ಅವನು. ಊರಿಡೀ ಎಂಜಿನ್ನಿನ ಗುನುಗು ತುಂಬಿದೆ. ನೀರಿನ ಕೆಳಗೂ ಅದೇ ಗುನುಗು.

ಎಚ್ಚರವಾದಾಗ ಕಣ್ಣು ಒದ್ದೆಯಾಗಿತ್ತು. ಎಂಜಿನ್ ನಿಂತಿತ್ತು. ಆದಿನಾಥ ಗೆದ್ದವನಂತೆ ನಗುತ್ತ ಛಾದ ಕಪ್ಪು ಮುಂದೆ ಹಿಡಿದ. ಸತ್ಯವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಕುರಿ ಮಾರಿಬಿಡೂಣು" ಎಂದಳು ಮೆಲ್ಲಗೆ. "ನಿದ್ದ್ಯಾಗ ನಗಾಕತ್ತಿದ್ದಿ. ನೀ ಹಿಂಗ ಮಲಗಿದ್ದು ನೋಡಿ ಎಷ್ಟ್ ವರ್ಷ ಆತೋ."

ಮುತ್ತಣ್ಣ ಕೈ ಒರೆಸಿಕೊಳ್ಳುತ್ತ ತಲೆ ಕೆರೆದ. "ಅದೆಲ್ಲ ಖರೆ. ಆದ್ರ ಎಂಜಿನ್ ಕಾದ ಮ್ಯಾಗ ಮೂರ್ ಸಲ ಕೆಮ್ಮಿತಲ್ಲೋ ಹೊಳೆಪ್ಪ. ನೀ ಏಳಲೇ ಇಲ್ಲ."

ಮೂರು ಸಲ ಕೆಮ್ಮಿದರೂ ತನಗೆ ಎಚ್ಚರವಾಗಲಿಲ್ಲವೇ? ಹೊಳೆಪ್ಪ ಕಪ್ಪು ಕೆಳಗಿಟ್ಟು ಎದ್ದ. ಎಂಜಿನ್ ಎತ್ತಲು ಸರಪಳಿ ಸಿಕ್ಕಿಸುವ ಕಬ್ಬಿಣದ ಕಿವಿಗಳಲ್ಲಿ ಎಡಗಡೆಯದನ್ನು ಹುಡುಕಿ, ಉಗುರಿನಿಂದ ನೀಲಿ ಬಣ್ಣ ಕೆರೆದ. ಬೆರಳಿಗೆ ಒಂದು ಕಚ್ಚು ಸಿಕ್ಕಿತು. ಇನ್ನೊಂದು. ಮತ್ತೊಂದು.

ಅವನ ಮನೆತನದವರು ಮರಿಗಳ ಎಡಗಿವಿಗೆ ಹಾಕುವ ಗುರುತು ಅದು. ಮೂರು ಕಚ್ಚು ಕಂಡರೆ ಯಾವ ಕುರುಬನಾದರೂ ಇದು ಕಾಮಣ್ಣನ ಹಿಂಡಿನದು ಎನ್ನುತ್ತಿದ್ದ. ಬೀಳಗಿಯ ರಾಮಲಿಂಗಪ್ಪ ಸಾವ್ಕಾರರು ಮೊದಲ ಸಲ ಲಾರಿಯ ಕೀಲಿ ಕೈಗಿಟ್ಟಾಗ, ಹುಡುಗಾಟದ ವಯಸ್ಸಿನ ಹೊಳೆಪ್ಪ ಇನ್ನೊಬ್ಬರ ಎಂಜಿನ್ನಿನ ಕಿವಿಗೆ ಕಳ್ಳತನದಲ್ಲಿ ಅರ ತಿಕ್ಕಿ ಈ ಗುರುತು ಹಾಕಿದ್ದ. ನಾಚಿಕೆಗೆ ಹೆಂಡತಿಗೂ ಹೇಳಿರಲಿಲ್ಲ. ಮುಳುಗುವ ಊರಿನ ಸಾಮಾನೆಲ್ಲ ಹೊತ್ತು ಸಾಗಿಸಿದ್ದು ಇದೇ ಎಂಜಿನ್. ಕೊನೆಯ ದಿನ ಭಾರಕ್ಕೆ ಇದರ ಮೈ ಸೀಳಿ ದಾರಿಯಲ್ಲೇ ನಿಂತಿತು. ಇಂದ್ರವ್ವನಿಗೆ ಹೇಳಿದ ಟ್ರಿಪ್ಪು ಆಗಲೇ ಇಲ್ಲ. ಸಂಜೆತನಕ ಕಾದು ಅವಳು ಯಾರದೋ ಚಕ್ಕಡಿ ಗಾಡಿ ಹತ್ತಿ ಹೋದಳಂತೆ. ಸೀಳಿಗೆ ಬೆಸುಗೆ ಹಾಕಿಸಿದ ಮೇಲೂ, ಕಾದಾಗ ರೇಡಿಯೇಟರಿನ ನೀರು ಒಳಗಿಳಿದು ಎಂಜಿನ್ ಕೆಮ್ಮುತ್ತಿತ್ತು. ಆ ಕೆಮ್ಮಿನ ಜೊತೆಗೇ ನಾಲ್ಕು ವರ್ಷ ಓಡಿಸಿದ್ದ. ಮನೆಯವರ ಕೆಮ್ಮಿಗೆ ಯಾರು ಎದ್ದು ಕೂರುತ್ತಾರೆ?

"ಅಣ್ಣಾರ, ಮೂರನೇ ಸಿಲಿಂಡರಿನ ಕೆಳಗ ಬಣ್ಣ ಕೆರದು ನೋಡ್ರಿ. ಬೆಸಿಗಿ ಐತಿ" ಎಂದ ಆದಿನಾಥನ ಕಡೆ ತಿರುಗಿ.

ಆದಿನಾಥ ಕೆರೆದು ನೋಡಿದ. ಗೇಣುದ್ದದ ಬೆಸುಗೆ. ಅವನ ಮುಖ ಸಣ್ಣದಾಯಿತು. "ನನಗ ಗೊತ್ತಿದ್ದಿಲ್ಲೋ ಹೊಳೆಪ್ಪ. ಹತ್ತು ಎಂಜಿನ್ ಕೂಡಿ ಬಂದಿದ್ವು, ಹಂಗ ತಗೊಂಡೆ." ಬೆರಳಿನ ಬಣ್ಣ ಒರೆಸಿಕೊಂಡು, "ನಿನಗ ಮನಸ್ಸಿದ್ರ ನಲವತ್ತಕ್ಕ ಒಯ್ಯಿ" ಎಂದ.

ನಲವತ್ತು. ಒಂದು ಕುರಿಯೂ ಹೋಗುವುದಿಲ್ಲ, ಕೈಯಲ್ಲಿ ದುಡ್ಡೂ ಉಳಿಯುತ್ತದೆ. ದಿನಾ ಆ ಗುನುಗು, ದಿನಾ ಆ ಹಳೇ ಊರಿನ ಓಣಿ. ಹೊಳೆಪ್ಪ ಬಿಸಿ ಕಬ್ಬಿಣದ ಮೇಲೆ ಅಂಗೈಯಿಟ್ಟು ನಿಂತೇ ಇದ್ದ. ಬೇಕು ಎಂದು ಮನಸ್ಸು ಮಗುವಿನ ಹಾಗೆ ಹಟ ಹಿಡಿದಿತ್ತು.

"ಬ್ಯಾಡ್ರಿ" ಎಂದ ಕೊನೆಗೆ. "ಕಬ್ಬು ಹೇರಿಕೊಂಡು ಏರು ಹತ್ತುವಾಗ ಇದು ಕೆಮ್ಮಿದ್ರ ನನಗ ಕೇಳಿಸೂದಿಲ್ಲ. ನಿದ್ದಿ ಹತ್ತಲಾರದ್ದ ಕೊಡ್ರಿ."

ಕೈ ತೊಳೆಯಲು ನಳದ ಹತ್ತಿರ ಹೋದವನು ಅಲ್ಲಿ ಬಹಳ ಹೊತ್ತು ಮುಖ ತೊಳೆದ.

ನಾಲ್ಕನೇ ದಿನ ಮುತ್ತಣ್ಣ ಎಂಜಿನ್ ಕೂಡಿಸಿ ಊರಿಗೆ ಹೋದ. ಇಳಿ ಬಿಸಿಲಿನಲ್ಲಿ ಲಾರಿ ಮನೆಯ ಮುಂದೆ ಬಾನೆಟ್ ತೆರೆದು ನಿಂತಿತ್ತು. ಸತ್ಯವ್ವ ಒಳಗಿನಿಂದ ಅರ ತಂದು ಗಂಡನ ಕೈಗಿಟ್ಟಳು.

"ಇದಕ್ಕೂ ಹಾಕು."

"ಏನ್ ಹಾಕೂದು?"

"ನೀ ಮುಖ ತೊಳಿಯಾಕ ಹೋದಾಗ ಆ ಕಚ್ಚು ಮುಟ್ಟಿ ನೋಡೇನಿ. ದಿನಾ ಕುರಿ ಕಿವಿ ಹಿಡಿಯಾಕಿಗೆ ಗೊತ್ತಾಗಂಗಿಲ್ಲೇನು?"

ಹೊಳೆಪ್ಪ ಬಾಗಿ ಎಡಗಡೆಯ ಕಿವಿಗೆ ಅರ ತಿಕ್ಕಿದ. ಒಂದು ಕಚ್ಚು ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಕೈ ಏಳಲಿಲ್ಲ.

"ಇಂದ್ರವ್ವ ಮುದುಕಿಗೆ ಬರ್ತೇನಿ ಅಂದಿದ್ದೆ ಸತ್ಯವ್ವ" ಎಂದ.

ಸತ್ಯವ್ವ ಅರವನ್ನು ಅವನ ಕೈಯಿಂದ ತೆಗೆದುಕೊಂಡಳು. ಸೆರಗು ಸಿಕ್ಕಿಸಿ, ಬಾನೆಟ್ಟಿನೊಳಗೆ ಬಾಗಿ ಮೂರನೆಯದನ್ನು ತಾನೇ ಹಾಕಿದಳು.

ಎಂಜಿನ್ ಚಾಲೂ ಆದಾಗ ಕುರಿಗಳು ಬೆದರಿ ಬೇಲಿಯ ತನಕ ಓಡಿದವು. ಆಮೇಲೆ ಒಂದೊಂದಾಗಿ ಬಂದು ಗಾಲಿಯ ನೆರಳಿನಲ್ಲಿ ಮಲಗಿದವು. ಎಂಟೂ ಬಂದವು. ಅವುಗಳ ನಡುವೆ ಕಂಬಳಿ ಹಾಸಿಕೊಂಡು ಹೊಳೆಪ್ಪ ಕಣ್ಣು ಮುಚ್ಚಿದ್ದ. ನಿದ್ದೆ ಇನ್ನೂ ಬಂದಿರಲಿಲ್ಲ.